ನಾಲ್ಕನೆಯವಳಿಗೆ ಜಾಗ

ಭೌತಶಾಸ್ತ್ರದ ದೊಡ್ಡ ಸಂಸ್ಥೆಯೊಂದರ ಸಂದರ್ಶನಕ್ಕೆ ನಾವು ವಾಸವಿರುವ ದಿವಾದಿಂದ ಮೊಮ್ಮಗಳು ಪ್ರಣೀತಾಳ ಜೊತೆ ನಾನೂ ಹೋಗಿದ್ದೆ. ಪ್ರವೇಶ ಪರೀಕ್ಷೆಯಲ್ಲಿ ಅವಳು ಚೆನ್ನಾಗಿ ಮಾಡಿದ್ದಳು. ಹನ್ನೆರಡನೆಯ ತರಗತಿಯ ಕೆಮಿಸ್ಟ್ರಿಯಲ್ಲಿ ಮಾತ್ರ ಪಾಸಾಗುವಷ್ಟೇ ಅಂಕ. ಆ ಪರೀಕ್ಷೆಯ ಹಿಂದಿನ ದಿನ ಅವಳ ಅಪ್ಪ, ನನ್ನ ಮಗ ತಾರಾನಾಥ, ಲೋಕಲ್ ಗಾಡಿಯ ಬಾಗಿಲಿನಿಂದ ಬಿದ್ದು ತೀರಿಹೋಗಿದ್ದ.

ಸಂದರ್ಶನದ ಕೋಣೆಯ ಹೊರಗೆ ಬೆವರುತ್ತಿದ್ದ ನನ್ನನ್ನು ಕಂಡು ಜವಾನನು ಫ್ಯಾನನ್ನು ನನ್ನತ್ತ ತಿರುಗಿಸಿ ಹೋದ. ಸಂಜೆ ಆಯ್ಕೆಯಾದವರ ಹೆಸರು ಓದಿದರು. ಅವಳ ಹೆಸರು ಬರಲಿಲ್ಲ.

"ಅಂಕದ ಬಗ್ಗೆ ಕೇಳಿದ್ರಾ ಮಗಾ?"

"ಕೇಳಿದ್ರು. ಓದಿದ್ದು ಸಾಕಾಗ್ಲಿಲ್ಲ ಅಂದೆ."

"ಅಪ್ಪನ ವಿಷಯ ಹೇಳ್ಲಿಲ್ವಾ?"

"ಪಪ್ಪನ್ನ ನೆಪ ಮಾಡ್ಲಾ, ಅಜ್ಜಿ?"

"ಅವನು ಬೇಜಾರು ಮಾಡ್ತಿರ್ಲಿಲ್ಲ ಮಾರಾಯ್ತಿ."

ಅವಳು ಚೀಲ ಹೆಗಲಿಗೇರಿಸಿ ಸ್ಟೇಷನ್ನಿನತ್ತ ನಡೆದಳು.

ಮರಳುವಾಗ ಹೆಂಗಸರ ಡಬ್ಬಿಯಲ್ಲಿ ನನಗೆ ಯಾರೋ ಎದ್ದು ಜಾಗ ಕೊಟ್ಟರು. ಪ್ರಣೀತಾ ಬಾಗಿಲ ಬಳಿಯೇ ನಿಂತಳು. ನಾನು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಎದುರು ಬೆಂಚಿನಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಹೆಂಗಸು ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಮೂವರ ಬೆಂಚಿನಲ್ಲಿ ಎಲ್ಲರನ್ನೂ ಒತ್ತರಿಸಿ ಕೂಗಿದಳು: "ಯೇ ಗ ಪೋರಿ, ಚೌಥೀ ಸೀಟ್ ಆಹೇ!" ಬಾರೇ ಹುಡುಗಿ, ನಾಲ್ಕನೆಯವಳಿಗೆ ಜಾಗ ಇದೆ ಎಂದು.

ಪ್ರಣೀತಾ ಬಂದು ಅಂಚಿನಲ್ಲಿ ಕುಳಿತಳು. ಹೆಂಗಸು ಒಂದು ಹಿಡಿ ಸೊಪ್ಪು ಅವಳ ಮಡಿಲಿಗೆ ಹಾಕಿದಳು. ಅವಳೂ ಸೋಸತೊಡಗಿದಳು.

"ಮುಂದಿನ ವರ್ಷ ಪ್ರವೇಶ ಪರೀಕ್ಷೆ ಇನ್ನೊಮ್ಮೆ ಬರೆಯುವಾ," ಎಂದೆ.

"ಮುಂದಿನ ವರ್ಷವೂ ಕೆಮಿಸ್ಟ್ರಿಯದ್ದು ಅದೇ ಮಾರ್ಕ್ಸ್ ಇರ್ತದಲ್ಲ, ಅಜ್ಜಿ," ಎಂದಳು, ತಲೆಯೆತ್ತದೆ.