ಹೋಲಿಕೆಯ ಓಣಿ

"ಏಯ್ ಜಂಬಿ, ಕಾಲು ತೊಳಕಂಡು ಹತ್ತಲೇ! ಗದ್ದಿ ಕೆಸರಿನ ತೂಕನೂ ನಿನ್ನ ಹೆಸರಿಗೆ ಬರಿಸ್ಕಂತಿ ಏನು? ಹಲ್ಕಟ್ ಮುಂಡೇವು, ತೂಕ ಮಾಡಿಸ್ಕಳ್ಳಾಕೂ ಬರಂಗಿಲ್ಲ!"

ಬಸವಕುಮಾರ್ ಸಾಹುಕಾರರು ತಮ್ಮ ಗೋದಾಮಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಬೈಯುತ್ತಿದ್ದರು. ಜಂಬವ್ವ ನಾಟಿ ಬಿಟ್ಟು ನೇರವಾಗಿ ತೂಕದ ಯಂತ್ರದ ಮುಂದೆ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು.

"ಕೆಸರು ನಿಮ್ಮ ಗದ್ದೀದೇ ಸಾವ್ಕಾರ್ರೇ. ವಾಪಸ್ ಕೊಟ್ಟೇ ಹತ್ತತೀನಿ," ಎಂದು ಅವಳು ಅಲ್ಲೇ ಕಟ್ಟೆಯ ಕಲ್ಲಿಗೆ ಕಾಲು ಒರೆಸಿದಳು. ಹಿಂದೆ ಸಾಲಾಗಿ ನಿಂತಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು.

ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಊರು. ಮೂರು ವರ್ಷದ ಕೆಳಗೆ ಒಂದು ಸಂಸ್ಥೆಯವರು ಇಲ್ಲಿಗೆ ಬಂದರು. ಹೆಣ್ಣುಮಕ್ಕಳಿಗೆ ರಕ್ತ ಹೆಚ್ಚಿಸುವುದು ಅವರ ಕಾರ್ಯಕ್ರಮ. ಮೇಲಿನ ಓಣಿಗೆ ಔಷಧಿ, ಪೌಷ್ಟಿಕ ಪುಡಿ, ತಿಂಗಳಿಗೊಮ್ಮೆ ನರ್ಸಮ್ಮ. ಬಸುರಿಯರಿಗೆ ರಕ್ತ ಕಡಿಮೆಯಾದರೆ ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಬಿಳಿ ವ್ಯಾನು. ಕೂಲಿಯವರಿರುವ ಕೆಳಗಿನ ಓಣಿಗೆ ತೂಕ ಮಾತ್ರ. ಆರು ತಿಂಗಳಿಗೊಮ್ಮೆ ಕರೆದು, ತೂಗಿ, ಬೆರಳಿಗೆ ಚುಚ್ಚಿ ರಕ್ತ ನೋಡಿ, ಬರೆದುಕೊಂಡು ಕಳಿಸುತ್ತಿದ್ದರು.

"ಔಷಧಿ ಕೊಟ್ಟವರು ಎಷ್ಟು ಸುಧಾರಿಸಿದ್ರು ಅಂತ ಗೊತ್ತಾಗಬೇಕಂದ್ರೆ, ಕೊಡದವರು ಹೆಂಗಿದಾರೆ ಅಂತ ನೋಡಬೇಕಲ್ಲಮ್ಮಾ. ನೀವು ಹೋಲಿಕೆಯ ಓಣಿ," ಎಂದು ಸಂಸ್ಥೆಯ ಸುಧಾರಾಣಿ ಮೊದಲ ವರ್ಷವೇ ತಿಳಿಸಿ ಹೇಳಿದ್ದಳು. ಹೊಸಪೇಟೆಯ ಹುಡುಗಿ, ಓದಿದವಳು, ಯಾರೊಂದಿಗೂ ಏರಿದ ದನಿಯಲ್ಲಿ ಮಾತಾಡಿದವಳಲ್ಲ. ಯಾವ ಓಣಿಗೆ ಔಷಧಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದೆಂದೂ ಹೇಳಿದಳು. ಚೀಟಿ ಎತ್ತಿದವರು ಊರ ಸಮಿತಿಯ ಅಧ್ಯಕ್ಷರಾದ ಸಾಹುಕಾರರು.

ಅಂದಿನಿಂದ ಸಾಹುಕಾರರು ಹೋಲಿಕೆಯನ್ನು ತಮ್ಮ ಹೊಲದ ಬೆಳೆಯಂತೆ ಕಾಯುತ್ತಿದ್ದರು. ಒಮ್ಮೆ ಜಂಬವ್ವ ಪೇರಲಹಣ್ಣು ತಿನ್ನುತ್ತಿದ್ದುದನ್ನು ಕಂಡು ಬೈಕು ನಿಲ್ಲಿಸಿ, "ಹೋಲಿಕಿ ಕೆಡಿಸ್ತಿ ಏನ್ಲೇ?" ಎಂದು ಗದರಿದ್ದರು. "ಹಂಗಾರ ಹಸ್ಕಂಡು ಕುಂದ್ರಾಕೂ ಕೂಲಿ ಕೊಡ್ರಿ," ಎಂದು ಅವಳು ಇನ್ನೊಂದು ಹಣ್ಣು ಕಚ್ಚಿದ್ದಳು.

ಸಾಲಿನಲ್ಲಿ ಎರಡನೆಯವಳು ಭೀಮವ್ವ. ಅವಳು ನಗಲಿಲ್ಲ. ಅವಳ ಮಗಳು ಸುಕನ್ಯಾ ಹೋದ ಆಷಾಢದಲ್ಲಿ ಹೆರಿಗೆಗೆಂದು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕಂಪ್ಲಿಗೆ ಹೊರಟವಳು ದಾರಿಯಲ್ಲೇ ತೀರಿಕೊಂಡಳು. ಮೈಯಲ್ಲಿ ರಕ್ತವಿರಲಿಲ್ಲವಂತೆ. ಆ ಹೊತ್ತಿನಲ್ಲಿ ಬಿಳಿ ವ್ಯಾನು ಮೇಲಿನ ಓಣಿಯ ಬೇವಿನ ಮರದಡಿ ನೆರಳಿಗೆ ನಿಂತಿತ್ತು. ಹುಲಿಗೆಮ್ಮ ತಾಯಿ ಕೊಟ್ಟಿದ್ದಳು, ಅವಳೇ ಕರೆದುಕೊಂಡಳು ಎಂದು ಭೀಮವ್ವ ಮನಸ್ಸಿಗೆ ಹೇಳಿಕೊಂಡಿದ್ದಳು. ಆದರೆ ಈಗ ಸೊಸೆ ವಿರುಪಮ್ಮನಿಗೆ ಏಳು ತಿಂಗಳು. ಸರ್ಕಾರಿ ಗುಳಿಗೆ ನುಂಗಿದರೆ ವಾಂತಿ. ಬಸ್ಸು ಹತ್ತಿದರೆ ಕಂಪ್ಲಿ ಬರುವುದರೊಳಗೆ ತಲೆ ತಿರುಗಿ ಬೀಳುತ್ತಿದ್ದಳು. ಕಾರ್ಯಕ್ರಮದ ಮೂರು ವರ್ಷ ಮುಗಿದಿತ್ತು, ಇದು ಕೊನೆಯ ತೂಕ. ನಾಳೆಯಿಂದ ವ್ಯಾನು ಬರುವುದಿಲ್ಲ.

ಹಿಂದೆಲ್ಲ ತೂಕ ಶಾಲೆಯಲ್ಲಿ ನಡೆಯುತ್ತಿತ್ತು. ಕೊನೆಯದಾದ್ದರಿಂದ ಗೋದಾಮಿನ ಮುಂದೆಯೇ ಆಗಬೇಕೆಂದು ಸಾಹುಕಾರರು ಹಟ ಹಿಡಿದಿದ್ದರು. ಬೆಳಿಗ್ಗೆ ತೆಂಗಿನಕಾಯಿ ಒಡೆದು, ಯಂತ್ರವನ್ನು ತಾವೇ ಮೊದಲು ಹತ್ತಿ ಉದ್ಘಾಟನೆ ಮಾಡಿದರು. ತೊಂಬತ್ತೆರಡು ಕಿಲೋ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸಾಹುಕಾರರ ಮನೆಯವರನ್ನು ಬಿಟ್ಟು ಮೇಲಿನ ಓಣಿಯ ಹೆಂಗಸರನ್ನು ತೂಗಿದರು. ಎಲ್ಲರೂ ಒಂದೆರಡು ಕಿಲೋ ಏರಿದ್ದರು.

ಜಂಬವ್ವ ಹತ್ತಿ ಇಳಿದಳು. ನಲವತ್ತೆರಡು.

"ಹುಲುಗೇಶಾ, ಮಿಷನ್‌ಗೆ ಗಂಜಲ ಹಾಕಲೇ. ನಮ್ಮನಿ ಹೆಣ್ಮಕ್ಕಳು ಇನ್ನಾ ಹತ್ತಬೇಕು!" ಎಂದು ಸಾಹುಕಾರರು ಕೂಗಿದರು.

ಸುಧಾರಾಣಿ "ಬೇಡ, ಬೇಡ" ಎನ್ನುವುದರೊಳಗೆ ಆಳು ಹುಲುಗೇಶ್ ಒಂದು ಚೊಂಬು ಗಂಜಲವನ್ನು ಯಂತ್ರದ ನೆತ್ತಿಗೇ ಸುರಿದ. ಭೀಮವ್ವ ಹತ್ತಿದಳು. ಯಂತ್ರ ನೂರಾ ಎಂಬತ್ತೆಂಟು ತೋರಿಸಿತು. ಇಳಿದು ಹತ್ತಿದಳು. ಮೂರು. ಮತ್ತೆ ಹತ್ತಿದಾಗ ಅದು ಕುಂಯ್ ಎಂದು ಕೊರಗಿ ಕಣ್ಣು ಮುಚ್ಚಿತು.

"ಹೋತು ಪಾಪ," ಎಂದಳು ಜಂಬವ್ವ. "ನಮ್ಮ ಓಣಿಗೆ ಬಂದಿದ್ಕ ಅದಕೂ ಔಷಧಿ ಸಿಗಲಿಲ್ಲ."

ಸಾಹುಕಾರರು ಧೈರ್ಯಗೆಡಲಿಲ್ಲ. "ಅದಕ್ಯಾಕ ಅಳ್ತೀರಿ ಮೇಡಂ? ನಮ್ಮ ಭತ್ತದ ಕಾಟಾ ಐತಲ್ಲ. ಇಪ್ಪತ್ತು ವರ್ಷದಾಗ ಒಂದು ದಿನ ರಜಾ ಹಾಕಿಲ್ಲ."

ಗೋದಾಮಿನ ಬಾಗಿಲಲ್ಲಿ ಚೀಲ ತೂಗುವ ಕಬ್ಬಿಣದ ದೊಡ್ಡ ಕಾಟಾ ನಿಂತಿತ್ತು. ಪಾಲಿಗೆ ಗದ್ದೆ ಮಾಡುವ ತಾಯಪ್ಪ ಮತ್ತು ಇನ್ನಿಬ್ಬರು ಭತ್ತದ ಚೀಲ ತಂದು ಸರದಿಗೆ ಕಾಯುತ್ತಿದ್ದರು. ಅವರನ್ನು ಸರಿಸಿ ಹೆಂಗಸರನ್ನು ಒಬ್ಬೊಬ್ಬರಾಗಿ ಹತ್ತಿಸಿದರು. ಹುಲುಗೇಶ್ ಕಡ್ಡಿಯ ಮೇಲಿನ ಗುಂಡನ್ನು ಸರಿಸಿ, ರೂಢಿಯಂತೆ ಕೂಗುತ್ತಿದ್ದ:

"ಮೂವತ್ತೊಂಬತ್ತು! ಮುಂದಿನ ಚೀಲ!"

ವಿರುಪಮ್ಮ ನಲವತ್ತು. ಸುಧಾರಾಣಿ ಹಳೆಯ ಪುಟ ತಿರುಗಿಸಿ ನೋಡಿದಳು. ಹೋದ ಸಲ ನಲವತ್ನಾಲ್ಕು, ಉಳಿದವರದೂ ನಾಲ್ಕು ನಾಲ್ಕು ಇಳಿದಿದೆ ಎಂದಳು. ಬೆರಳಿನ ರಕ್ತ ನೋಡಿದರೆ ರಕ್ತದ ಅಂಶ ಏಳಕ್ಕೂ ಕಡಿಮೆ. ಅವಳ ಮುಖ ಸಣ್ಣಗಾಯಿತು.

"ಏಳು ತಿಂಗಳ ಬಸುರಿ ತೂಕ ಇಳಿಯೋದು ಹೆಂಗೆ?"

"ಅದನ್ನೇ ಬರ್ಕಳ್ರಿ!" ಸಾಹುಕಾರರು ಕುರ್ಚಿಯಿಂದ ಎದ್ದೇಬಿಟ್ಟರು. "ಮ್ಯಾಲಿನ ಓಣಿ ಏರೈತಿ, ಕೆಳಗಿನ ಓಣಿ ಇಳದೈತಿ. ಫರಕ ನೋಡ್ರಿ! ಮಸ್ತ್ ಗೆದ್ವಿ. ಹೊಸಪ್ಯಾಟಿ ಸಭಾದಾಗ ನನಗ ಶಾಲು ಗ್ಯಾರಂಟಿ."

ಭೀಮವ್ವ ಸುಧಾರಾಣಿಯ ಹತ್ತಿರ ಬಂದಳು. "ಯವ್ವಾ, ಇವತ್ತೊಂದಿನ ಈಕೀನ ವ್ಯಾನಿನಾಗ ಕರಕಂಡು ಹೋಗು."

"ನಿಮ್ಮ ಓಣಿಗೆ ಅವಕಾಶ ಇಲ್ಲಮ್ಮಾ. ಲೆಕ್ಕ ಕೆಡುತ್ತೆ." ಅವಳು ತಲೆಯೆತ್ತದೆ ಹೇಳಿದಳು.

"ಲೆಕ್ಕ ಕೆಟ್ಟೇ ಐತಿ. ಎಲ್ಲಾರೂ ಹೊಂದಿಸ್ಕಂಡಂಗ ನಾಕು ನಾಕು ಕೇಜಿ ಎಲ್ಲಿ ಚೆಲ್ಲಿ ಬಂದ್ವಿ? ಕಾಟಾ ಸುಳ್ಳು ಹೇಳ್ತೈತಿ."

"ಯಾರ ಕಾಟಾ ಸುಳ್ಳಲೇ?" ಸಾಹುಕಾರರ ಮೀಸೆ ನಡುಗಿತು. "ನಮ್ಮಪ್ಪನ ಕಾಲದ ಕಾಟಾ! ಕೂಲಿ ಮುಂಡೆ, ನನಗ ತೂಕ ಕಲಸ್ತಿ? ನೋಡಿಲ್ಲಿ!" ಎಂದವರೇ ಪಂಚೆ ಎತ್ತಿ ಹಿಡಿದು ಕಾಟಾ ಹತ್ತಿ ನಿಂತರು.

ಹುಲುಗೇಶ್ ಗುಂಡು ಸರಿಸಿದ. ಕಡ್ಡಿ ನೆಟ್ಟಗಾಯಿತು. ಇಪ್ಪತ್ತು ವರ್ಷದ ರೂಢಿ, ಬಾಯಿ ಸುಮ್ಮನಿರಲಿಲ್ಲ.

"ಎಂಬತ್ತೆಂಟು! ಮುಂದಿನ ಚೀಲ!"

ಮೊದಲು ಬಾಯಿ ಬಿಟ್ಟವಳು ಜಂಬವ್ವ. "ಮುಂಜಾನಿ ತೊಂಬತ್ತೆರಡು ಇದ್ದೋರು! ಅಯ್ಯಯ್ಯೋ, ನಾಕು ಕೇಜಿ ಸಾವ್ಕಾರ್ರು ಎಲ್ಲಿ ಬಿದ್ದು ಹ್ವಾದ್ರೋ, ಹುಡುಕ್ರಲೇ!"

"ಉಪಾಸ ಇದೀನಿ ಇವತ್ತು," ಎಂದರು ಸಾಹುಕಾರರು. ಮೀಸೆಯಲ್ಲಿ ಉಪ್ಪಿಟ್ಟಿನ ಸಾಸಿವೆ ಇತ್ತು.

ತಾಯಪ್ಪ ನಿಧಾನವಾಗಿ ತನ್ನ ಚೀಲವನ್ನು ನೋಡಿದ, ಕಾಟಾವನ್ನು ನೋಡಿದ, ಮತ್ತೆ ಚೀಲವನ್ನು ನೋಡಿದ. "ಚೀಲಕ್ಕ ನಾಕು ಕೇಜಿ," ಎಂದ. "ನಮ್ಮಪ್ಪನ ಕಾಲದಿಂದ. ಲೇ ಸೂಳೆಮಗನ, ಇಳೀಬ್ಯಾಡ. ಅಲ್ಲೇ ನಿಂದ್ರು!"

ಮೂವರೂ ಕಾಟಾವನ್ನು ಸುತ್ತುವರಿದರು. ಸಾಹುಕಾರರು ಒಂದು ಕಾಲು ಕೆಳಗಿಟ್ಟರೆ ತಾಯಪ್ಪ ಅದನ್ನು ಎತ್ತಿ ಮತ್ತೆ ಮೇಲಿಡುತ್ತಿದ್ದ. ಹುಲುಗೇಶ್ ದಿಕ್ಕು ತೋಚದೆ ಮತ್ತೆ ಮತ್ತೆ ಎಂಬತ್ತೆಂಟು ಎಂದು ಕೂಗಿದ.

ಭೀಮವ್ವ ಆ ಕಡೆ ತಿರುಗಿ ನೋಡಲಿಲ್ಲ. ಸೊಸೆಯ ರಟ್ಟೆ ಹಿಡಿದು ನೇರವಾಗಿ ಬಿಳಿ ವ್ಯಾನಿನ ಹತ್ತಿರ ನಡೆದಳು. ಬಾಗಿಲು ಎಳೆದು ಹತ್ತಿಸಿದಳು. ಜಂಬವ್ವ ಹತ್ತಿದಳು. ಅವಳ ಹಿಂದೆ ಇಡೀ ಸಾಲೇ ಹತ್ತಿತು. ಹನ್ನೊಂದು ಜನ ಹೆಂಗಸರು, ಕೆಸರುಗಾಲು, ಒಬ್ಬರ ತೊಡೆಯ ಮೇಲೊಬ್ಬರು. ಜಂಬವ್ವ ವ್ಯಾನಿನಲ್ಲಿದ್ದ ಪೌಷ್ಟಿಕ ಪುಡಿಯ ಚೀಲಕ್ಕೆ ಹಲ್ಲು ಹಾಕಿ ಹೊಲಿಗೆ ಬಿಚ್ಚಿದಳು. ಎಲ್ಲರೂ ಮುಷ್ಟಿ ಮುಷ್ಟಿ ಬಾಯಿಗೆ ಹಾಕಿಕೊಂಡರು. ಒಬ್ಬಳು ಕೆಮ್ಮಿದರೆ ವ್ಯಾನಿನ ತುಂಬ ಹಿಟ್ಟಿನ ಮೋಡ.

"ಮೂರು ವರ್ಷ ಇದಕ್ಕ ಬಡದಾಡಿದ್ವಾ? ಥೂ, ಸಕ್ರಿನೇ ಇಲ್ಲ," ಎಂದಳು ಜಂಬವ್ವ.

ಡ್ರೈವರ್ ಮುರುಗೇಶ್ ಕೀಲಿ ಹಿಡಿದು ಓಡಿ ಬಂದ. "ಇಳೀರಿ, ನನ್ನ ಕೆಲಸ ಹೋಗ್ತೈತಿ."

"ನಾವು ಎತ್ತಿಕೊಂಡು ಹ್ವಾದ್ವಿ ಅನ್ನು. ಹೊಡಿಯಪ್ಪ," ಎಂದಳು ಭೀಮವ್ವ, "ಇಲ್ಲ ಕೀಲಿ ಕೊಡು. ಟ್ರ್ಯಾಕ್ಟರ್‌ಗೆ ಕಟ್ಟಿ ಎಳಸ್ತೀನಿ."

ಮುರುಗೇಶ್ ವಿರುಪಮ್ಮನ ಬಿಳಿಚಿದ ತುಟಿಯನ್ನೊಮ್ಮೆ ನೋಡಿದ. ಹತ್ತಿ ಕೂತು ಗಾಡಿ ಚಾಲು ಮಾಡಿದ.

ಸುಧಾರಾಣಿ ಪುಸ್ತಕ ಎದೆಗವಚಿಕೊಂಡು ಕಿಟಕಿಯ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು. "ಅಮ್ಮಾ, ಇವರ ಹೆಸರಿನ ಮುಂದೆ ನಾನು ಏನಂತ ಬರೀಲಿ?"

ಭೀಮವ್ವ ಕಿಟಕಿಯಿಂದ ಕೈ ಚಾಚಿ ಆ ಹುಡುಗಿಯ ತಲೆ ಸವರಿದಳು. ಹಿಟ್ಟಿನ ಬೆರಳುಗಳ ಗುರುತು ಅವಳ ಕೂದಲ ಮೇಲೆ ಉಳಿಯಿತು.

"ನನ್ನ ಸುಕನ್ಯಾ ಸತ್ತಾಗ ಆಕಿ ಹೆಸರಿನ ಮುಂದ ಗೈರುಹಾಜರಿ ಅಂತ ಬರದಿದ್ದಿ ಯವ್ವಾ. ಸೊಸಿ ಓದಿ ಹೇಳಿದ್ಳು. ಈಕಿಗೆ ಹಾಜರ್ ಅಂತ ಬರಿ."