ಕುಂಬಳ ಯಜಮಾನರು

ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಹಾಲು ಕಾಯಿಸಿ ಕೊಡುವುದು ನನ್ನ ಕೆಲಸ. ಅಡುಗೆಕೋಣೆಗೂ ಮೂರನೆಯ ತರಗತಿಗೂ ನಡುವೆ ಇರುವುದು ಒಂದು ಹಲಗೆಗೋಡೆ ಮಾತ್ರ. ಹಾಗಾಗಿ ಸುನಿಲ್ದಾ ಟೀಚರ ಪಾಠವೆಲ್ಲ ನನ್ನ ಕಿವಿಗೂ ಬೀಳುತ್ತದೆ. ಏಳರ ಮಗ್ಗಿ ನನಗೆ ಬಾಯಿಗೆ ಬಂದದ್ದು ಅರವತ್ತನೆಯ ವಯಸ್ಸಿನಲ್ಲಿ, ಹೀಗೆಯೇ.

ಆ ತರಗತಿಯಲ್ಲಿ ನಿಮಿಯಾ ಎಂಬ ಹುಡುಗಿ ಇದ್ದಳು. ಇಟ್ಟಿಗೆ ಸುಡುವವರ ಮಗಳು. ಮನೆಯಲ್ಲಿ ಅರಳು ಹುರಿದಂತೆ ಮಾತು. ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಒಂದನೆಯ ತರಗತಿಯಲ್ಲಿ ಯಾವುದೋ ಸ್ಪ್ಯಾನಿಷ್ ಪದವನ್ನು ತಪ್ಪಾಗಿ ಓದಿದಳೆಂದು ಮಕ್ಕಳೆಲ್ಲ ನಕ್ಕುಬಿಟ್ಟಿದ್ದರು. ಶಾಲೆಯ ಪಾಠವೆಲ್ಲ ಸ್ಪ್ಯಾನಿಷ್‌ನಲ್ಲಿ, ಮನೆಯಲ್ಲಿ ನಾವೆಲ್ಲ ಆಡುವುದು ಮಾತ್ರ ನಮ್ಮ ಗ್ವಾರಾನಿ ನುಡಿಯೇ. ನಕ್ಕವರ ಸ್ಪ್ಯಾನಿಷ್ಷೂ ಅಷ್ಟರಲ್ಲೇ ಇತ್ತು. ಆದರೂ ಅವಳು ಅಂದಿನಿಂದ ಎರಡು ವರ್ಷ ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ.

ಸುನಿಲ್ದಾ ಅವಳನ್ನು ಗದರಲಿಲ್ಲ, ಬಲವಂತ ಮಾಡಲಿಲ್ಲ. ಒಂದು ಸೋಮವಾರ ನನ್ನ ಒಲೆಯ ಬಳಿ ಬಂದು, "ಎರ್ಮೆಲಿಂದಕ್ಕಾ, ಒಂದ್ ಹಿಡಿ ಮರಗೆಣಸಿನ ಹಿಟ್ಟು ಕೊಡಿ, ಅಂಟು ಕಾಯಿಸ್ಬೇಕು" ಎಂದಳು. ಮಕ್ಕಳನ್ನೂ ಸೇರಿಸಿಕೊಂಡು ಹಳೆಯ ಪತ್ರಿಕೆ ಹರಿದು, ಅಂಟಿನಲ್ಲಿ ನೆನೆಸಿ, ಪುಟ್ಟ ಕುಂಬಳಕಾಯಿಯೊಂದರ ಮೇಲೆ ಪದರ ಪದರವಾಗಿ ಮೆತ್ತಿದಳು. ಒಣಗಿದ ಮೇಲೆ ಸೀಳಿ, ಕಾಯಿ ತೆಗೆದು, ಮತ್ತೆ ಅಂಟಿಸಿದರೆ ಕೈಗೆ ತೊಡುವ ಬೊಂಬೆಯ ತಲೆ ಸಿದ್ಧ. ಸೋಡಾ ಬಾಟಲಿಯ ಮುಚ್ಚಳದ ಕಣ್ಣು, ಮುಸುಕಿನ ಜೋಳದ ಕೂದಲಿನ ಮೀಸೆ, ನನ್ನ ಹಳೆಯ ಲಂಗದ ಅಂಗಿ. ಹೆಸರಿಟ್ಟವರು ಮಕ್ಕಳೇ: ಕರಾಯ್ ಅಂದಾಯ್, ಅಂದರೆ ಕುಂಬಳ ಯಜಮಾನರು.

ಯಜಮಾನರಿಗೆ ಸ್ಪ್ಯಾನಿಷ್ ಬಾರದು, ಲೆಕ್ಕವೂ ಬಾರದು. "ಏಳೂ ಐದೂ ಸೇರಿದ್ರೆ ಹನ್ನೊಂದು, ಅಲ್ವೇನ್ರೋ?" ಎಂದು ಸುನಿಲ್ದಾ ದಪ್ಪ ದನಿ ತೆಗೆದು ಬೊಂಬೆಯಿಂದ ಕೇಳಿಸಿದರೆ, "ಅಯ್ಯೋ ಪೆದ್ದಪ್ಪಾ, ಹನ್ನೆರಡು!" ಎಂದು ಮಕ್ಕಳು ಬೆಂಚು ಹತ್ತಿ ಕೂಗುತ್ತಿದ್ದರು. ನಿಮಿಯಾ ಕೂಗಲಿಲ್ಲ. ಆದರೆ ಹಿಂದಿನ ಸಾಲಿನಿಂದ ಮುಂದಿನ ಬೆಂಚಿಗೆ ಬಂದು ಕೂತಳು. ಬಿಡುವಿನಲ್ಲಿ ಯಾರೂ ಇಲ್ಲದಾಗ ಬೊಂಬೆಯ ಮೀಸೆ ನೇವರಿಸುವುದನ್ನು ನಾನು ನೋಡಿದ್ದೆ.

ಹೆಡ್‌ಮಾಸ್ಟರ್ ಡಾನ್ ಕಾಂದಿದೊ ಅವರಿಗೆ ಇದು ಹಿಡಿಸಲಿಲ್ಲ. "ಇದೇನಮ್ಮಾ ಸುನಿಲ್ದಾ, ಶಾಲೆನೋ ಸರ್ಕಸ್ಸೋ?" ಎಂದು ಕಿಟಕಿಯಿಂದಲೇ ಕೇಳಿ ಹೋಗುತ್ತಿದ್ದರು.

ಆಗಸ್ಟ್ ಎಂದರೆ ನಮ್ಮಲ್ಲಿ ಚಳಿಗಾಲ; ದಕ್ಷಿಣದ ಚಳಿಗಾಳಿ ಬೀಸಿದ ವಾರ ಸುನಿಲ್ದಾಳ ಗಂಟಲು ಪೂರ್ತಿ ಕಟ್ಟಿಹೋಯಿತು. ಮೂರು ವಾರ ಪಿಸುಮಾತೂ ಕೂಡದೆಂದರು ವೈದ್ಯರು. ಬದಲಿ ಟೀಚರು ಯಾರೂ ಸಿಗಲಿಲ್ಲ. "ಮಕ್ಕಳನ್ನ ನನ್ನ ಐದನೇ ಕ್ಲಾಸಿನ ಹಿಂದೆ ಕೂರಿಸ್ತೀನಿ, ನೀನು ಮನೆಗೆ ಹೋಗು" ಎಂದರು ಡಾನ್ ಕಾಂದಿದೊ. ಸುನಿಲ್ದಾ ಬೋರ್ಡಿನ ಮೇಲೆ ಬರೆದಳು: ಒಂದು ದಿನ ನೋಡೋಣ.

ಆ ಒಂದು ದಿನ ಸಂತೆಯಾಯಿತು. ಟೀಚರಿಗೆ ಬಾಯಿಲ್ಲ ಎಂದ ಮೇಲೆ ಕೇಳಬೇಕೇ? ಸುನಿಲ್ದಾ ಡಸ್ಟರಿನಿಂದ ಮೇಜು ಬಡಿದಳು, ಕೈ ಮುಗಿದಳು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಸೌಟು ಹಿಡಿದೇ ಬಾಗಿಲಿಗೆ ಓಡಿದೆ. ಆಗ ನಿಮಿಯಾ ಎದ್ದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಬೊಂಬೆ ತೆಗೆದು ಕೈಗೆ ತೊಟ್ಟು ಮೇಜಿನ ಹಿಂದೆ ಕೂತುಬಿಟ್ಟಳು. ಕುಂಬಳ ತಲೆ ಮೇಲೆದ್ದಿತು.

"ಕೂತ್ಕೊಳ್ರೋ ಕಪಿಗಳಾ! ಟೀಚರಿಗೆ ಗಂಟಲಿಲ್ಲ, ನಿಮಗೆ ಕಿವಿನೂ ಇಲ್ವಾ?"

ಇಟ್ಟಿಗೆಗೂಡಿನ ಮುಂದೆ ಕೂತು ಆಳುಗಳನ್ನು ಗದರುವ ಅವಳ ತಾತನ ದನಿಯೇ ಅದು. ತರಗತಿ ಗಪ್‌ಚಿಪ್.

"ಯಾ... ಯಾರದು?" ಎಂದ ಒಬ್ಬ.

"ಇನ್ಯಾರು? ನಾನು, ಅಂದಾಯ್. ಪುಸ್ತಕ ತೆಗೀರಿ."

ಸುನಿಲ್ದಾ ತಟ್ಟನೆ ಬೋರ್ಡಿನ ಕಡೆ ತಿರುಗಿದಳು. ಅವಳ ಕೈಯ ಸೀಮೆಸುಣ್ಣ ಎರಡು ಸಲ ಮುರಿಯಿತು. ಅವಳು ಬರೆದ ಸಾಲನ್ನು ಬೊಂಬೆ ಓದಿತು, ಸ್ಪ್ಯಾನಿಷ್‌ನಲ್ಲಿ! ಇಷ್ಟು ದಿನ ಹುಡುಗಿ ಎಲ್ಲವನ್ನೂ ಒಳಗೇ ಕೂಡಿಟ್ಟುಕೊಂಡಿದ್ದಳು. ನಡುವೆ ಒಂದು ಉದ್ದನೆಯ ಪದದ ಮುಂದೆ ದನಿ ನಿಂತಿತು.

"ಈ ಪದ ನನ್ನ ಹಲ್ಲಿಗೆ ಸಿಕ್ಕಾಕೊಂಡಿದೆ. ನೀವೇ ಹೇಳಿ ನೋಡೋಣ" ಎಂದಿತು ಬೊಂಬೆ.

ಮಕ್ಕಳು ಒಟ್ಟಿಗೆ ಕೂಗಿದರು, ಮೂರು ನಾಲ್ಕು ಬಗೆಯಾಗಿ. ಯಾರಿಗೂ ನಗು ಬರಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಟೀಚರು ಬರೆಯುವುದು, ಯಜಮಾನರು ಓದುವುದು. ಒಂದು ದಿನ ಡಾನ್ ಕಾಂದಿದೊ ಒಳಗೇ ಬಂದರು. ಕುಂಬಳ ತಲೆ ಅವರತ್ತ ತಿರುಗಿತು. "ಬನ್ನಿ ಸಾರ್. ಏಳೆಂಟ್ಲ ಎಷ್ಟು?"

ಅವರು ತಬ್ಬಿಬ್ಬಾಗಿ, "ಐವತ್... ನಾಲ್ಕು" ಎಂದುಬಿಟ್ಟರು.

"ಐವತ್ತಾರು!" ಮಕ್ಕಳ ಜೊತೆ ಹಲಗೆಗೋಡೆಯ ಈಚೆಯಿಂದ ನಾನೂ ಕೂಗಿದೆ.

"ಪರವಾಗಿಲ್ಲ ಕೂತ್ಕೊಳ್ಳಿ, ನಂಗೂ ಮೊದಲು ಬರ್ತಿರ್ಲಿಲ್ಲ" ಎಂದಿತು ಬೊಂಬೆ. ಡಾನ್ ಕಾಂದಿದೊ ನಿಜವಾಗಿ ಕೂತರು. ಗಂಟೆ ಹೊಡೆಯುವವರೆಗೂ ಕೂತಿದ್ದರು.

ಸುನಿಲ್ದಾಳ ದನಿ ಮರಳಿತು. ನನಗೋ ಒಳಗೊಳಗೇ ಅಳುಕು. "ಈಗ ಬೊಂಬೆ ವಾಪಸ್ ತಗೊಂಡ್ರೆ ಹುಡುಗಿ ಮತ್ತೆ ಮೂಕಿ ಆಗ್ತಾಳೇನೋ ಕಣೇ" ಎಂದೆ.

"ಅವಳ ಹತ್ರಾನೇ ಇರ್ಲಿ ಬಿಡಿ ಅಕ್ಕಾ. ನಮಗೇನು ಆತುರ?" ಎಂದಳು.

ಅಕ್ಟೋಬರಿನಲ್ಲಿ ಡಾನ್ ಕಾಂದಿದೊ ಕಂಕುಳಲ್ಲಿ ಕುಂಬಳಕಾಯಿ ಇಟ್ಟುಕೊಂಡು ಬಂದರು. ಐದನೆಯ ತರಗತಿಗೂ ಒಬ್ಬ ಯಜಮಾನ ಬೇಕಂತೆ. ಮಕ್ಕಳೇ ಅವರಿಗೆ ಹೇಳಿಕೊಟ್ಟರು. ಅವರು ಅಂಗಿಯ ತೋಳು ಮಡಚಿ ಕಾಗದ ಹರಿದರು, ಮೆತ್ತಿದರು. ಎದುರಿಗೆ ನಿಮಿಯಾ, ಎರಡೂ ಕೈ ಮೊಣಕೈವರೆಗೆ ಅಂಟಿನಲ್ಲಿ.

"ಮೂಗು ಸೊಟ್ಟ ಆಯ್ತು ಸಾರ್."

ತೆಳ್ಳನೆಯ ದನಿ. ಅವಳದೇ. ನಾನೂ ಸುನಿಲ್ದಾಳೂ ಬೇಕೆಂದೇ ತಲೆ ಎತ್ತಲಿಲ್ಲ.

"ಹೌದಾ? ಎಡಕ್ಕಾ, ಬಲಕ್ಕಾ?" ಎಂದರು ಡಾನ್ ಕಾಂದಿದೊ, ದಿನವೂ ಅವಳೊಡನೆ ಹರಟುವವರ ಹಾಗೆ.

"ಬಲಕ್ಕೆ ತಿರುಗ್ಸಿ. ಇನ್ನೂ ಸ್ವಲ್ಪ. ಹಾಂ, ಸಾಕು."