ಬಾಗಿಲಲ್ಲಿ ನಿಂತವನು

ಆ ಫೋಟೋದ ಚೌಕಟ್ಟು ಎಡಕ್ಕೆ ಎರಡು ನೂಲು ವಾಲಿದೆ, ಯಾರಿಗೂ ಕಾಣುತ್ತಿಲ್ಲ, ಮೂವತ್ತು ವರ್ಷ ಬಟ್ಟೆ ಹೊಲಿದ ಕಣ್ಣಿಗೆ ಕಾಣದೆ ಇರುತ್ತದೆಯೆ, ಸರಿಮಾಡೋಣವೆಂದು ಕೈ ಚಾಚಿದರೆ ಕಾವಲಿನವನು ಮುಟ್ಟಬೇಡಿ ಮೇಡಂ ಅಂದ, ಮುಟ್ಟಬಾರದಂತೆ, ಅದರೊಳಗಿರುವುದು ಅವಳ ಅಮ್ಮ, ಮೂರು ವರ್ಷ ಮಗ್ಗುಲು ಬದಲಿಸಿ, ಉಗುರು ಕತ್ತರಿಸಿ, ಹೇಲು ಬಾಚಿದ ಕೈ ಇದು, ಈಗ ಮುಟ್ಟಬಾರದು — ಕೈ ಹಿಂದಕ್ಕೆಳೆದುಕೊಂಡಳು. ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯ, ನೆಲ ಕನ್ನಡಿಯ ಹಾಗಿದೆ, ಅವಳ ಚಪ್ಪಲಿಯೊಂದೇ ಕಿರ್ರೆನ್ನುತ್ತದೆ, ಗೋಡೆಯ ಮೇಲೆ ತಮ್ಮನ ಹೆಸರು ಆಳೆತ್ತರ, ಕೆಳಗೆ ‘ಅಮ್ಮ: ಕೊನೆಯ ವರ್ಷ’. ಆ ವರ್ಷ ಅವನು ಬಂದದ್ದು ಭಾನುವಾರಗಳಂದು, ಹೆಗಲಿಗೆ ಕ್ಯಾಮೆರಾ, ಕಾಫಿ ಕುಡಿದು, ಕ್ಲಿಕ್ಕಿಸಿ, ಹೊರಡುತ್ತಿದ್ದ. ಬೆನ್ನಿನ ಹುಣ್ಣು, ಲೋಟದಲ್ಲಿ ಮುಳುಗಿದ ಹಲ್ಲಿನ ಸೆಟ್ಟು, ಬಚ್ಚಲಲ್ಲಿ ಬರಿಮೈ ಅಮ್ಮ, ಸೀರೆ ಬದಲಿಸುವಾಗ ಮಗಳನ್ನೂ ಹೊರಗೆ ನಿಲ್ಲಿಸಿ ಚಿಲಕ ಹಾಕಿಕೊಳ್ಳುತ್ತಿದ್ದ ಅಮ್ಮ, ಅಂಥ ಅಮ್ಮನೆದುರು ಕಾಲೇಜಿನ ಮಕ್ಕಳು ಕತ್ತು ವಾರೆ ಮಾಡಿ ನಿಂತಿದ್ದಾರೆ. ಮತ್ತೆ ತಾನೆಲ್ಲಿ? ಇಲ್ಲೊಂದು ಮೊಣಕೈ, ಅಲ್ಲೊಂದು ಸೆರಗಿನ ಅಂಚು, ಕತ್ತರಿಸಿ ಮೇಜಿನ ಕೆಳಗೆ ಬೀಳಿಸಿದ ಚಿಂದಿಯ ಹಾಗೆ.

ಕೊನೆಯ ಕೋಣೆಯಲ್ಲಿ ಒಂದೇ ಫೋಟೋ, ಮೊದಲು ಗುರುತಾದದ್ದು ತನ್ನ ರವಿಕೆ, ಹಸಿರು, ಒಂದು ತೋಳು ಬೇರೆ ಬಟ್ಟೆ, ತಾನೇ ತೇಪೆ ಹಾಕಿದ್ದು, ಆಮೇಲೆ ಕೈ, ತನ್ನದೇ ಎತ್ತಿದ ಕೈ — ಮಾತ್ರೆ ಅರೆದ ನೀರನ್ನು ಅಮ್ಮ ನಾಲ್ಕನೇ ಸಲ ಮುಖಕ್ಕೆ ಉಗಿದಿದ್ದಳು, ತಾನು ಹೊಡೆದದ್ದು ಒಂದೇ ಏಟು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು, ಮೂರು, ಮೂರು ಹೊಡೆದಿದ್ದಳು, ಅದಾಗಿ ಹನ್ನೊಂದು ದಿನಕ್ಕೆ ಅಮ್ಮ ಹೋದಳು, ಇಂಥ ಮಗಳು ಯಾರಿಗೆ ಸಿಗ್ತಾಳೆ ಎಂದು ಚಿಕ್ಕಮ್ಮ ತಬ್ಬಿಕೊಂಡಾಗ ತಲೆ ತಗ್ಗಿಸಿದಳು, ಯಾರೂ ನೋಡಿಲ್ಲ, ಯಾರೂ ನೋಡಿಲ್ಲ. ಎಷ್ಟು ಧೈರ್ಯ ಅಲ್ವಾ, ಏನೂ ಮುಚ್ಚಿಟ್ಟಿಲ್ಲ, ಅಂದಳು ಪಕ್ಕದ ಹುಡುಗಿ. ಆ ಹೆಂಗಸು ಯಾರೇ, ಅಂದಳು ಗೆಳತಿ. ಕೆಲಸದವಳಿರ್ಬೇಕು.

ಅಕ್ಕಾ, ಬರಲ್ಲ ಅಂದ್ಕೊಂಡಿದ್ದೆ, ಎಂದು ತಮ್ಮ ಬಂದು ಹೆಗಲ ಮೇಲೆ ಕೈಯಿಟ್ಟ, ಅತ್ತರಿನ ವಾಸನೆ. ಅವತ್ತು ನೀನಲ್ಲೇ ಇದ್ಯೇನೋ, ಕೇಳಿದಳು. ಬಾಗಿಲಲ್ಲಿ, ನಿನ್ನ ಬೆನ್ನ ಹಿಂದೆ, ಅಂದ. ನನ್ನ ಕೈ ಹಿಡಿಯೋಕಾಗ್ಲಿಲ್ವಾ? ಅವನು ನಿಜಕ್ಕೂ ಯೋಚಿಸಿದ, ಚಿಕ್ಕಂದಿನಲ್ಲಿ ಮಗ್ಗಿ ಮರೆತಾಗ ಹುಬ್ಬು ಗಂಟಿಕ್ಕುತ್ತಿದ್ದ ಹಾಗೆಯೇ, ಕೈಯಲ್ಲಿ ಕ್ಯಾಮೆರಾ ಇತ್ತಲ್ಲಕ್ಕ, ಬೆಳಕು ಬೇರೆ ಅಷ್ಟು ಚೆನ್ನಾಗಿತ್ತು. ತೆಗೆದ್ಬಿಡೋ ಅದನ್ನ, ನಿನ್ನ ಕಾಲಿಗೆ ಬೀಳ್ತೀನಿ. ಆಗಲ್ಲಕ್ಕ, ಮ್ಯೂಸಿಯಂನವರು ತಗೊಂಡಾಯ್ತು, ಇನ್ನು ಇಲ್ಲೇ ಇರತ್ತೆ — ಪ್ರೊಫೆಸರ್ ಕರೆದರು, ಹೋದ.

ಇರುತ್ತದೆ, ತಾನು ಸತ್ತ ಮೇಲೂ ಈ ಕೈ ಎತ್ತಿಯೇ ಇರುತ್ತದೆ, ಇಷ್ಟು ಹೊತ್ತು ಕೈಯನ್ನೇ ನೋಡುತ್ತಿದ್ದಳು, ಈಗ ಅಮ್ಮನ ಮುಖ, ಕೆಂಪೇರಿದ ಕೆನ್ನೆ, ಗದ್ದದಿಂದ ಇಳಿಯುತ್ತಿರುವ ಬಿಳಿ ನೀರು, ಕಣ್ಣು ಮಾತ್ರ ಕೈಯನ್ನು ನೋಡುತ್ತಿಲ್ಲ, ಮಗಳನ್ನೂ ನೋಡುತ್ತಿಲ್ಲ, ಬಾಗಿಲು ನೋಡುತ್ತಿದೆ, ಮಗ ಬಂದಿದ್ದಾನೆ, ಕ್ಯಾಮೆರಾ ಎತ್ತಿದ್ದಾನೆ, ಎತ್ತಿದಾಗಲೆಲ್ಲ ಅಮ್ಮಾ ಸ್ವಲ್ಪ ನಗು ಅನ್ನುತ್ತಾನೆ — ನಗುತ್ತಿದ್ದಾಳೆ, ಹಲ್ಲಿಲ್ಲದ ಬಾಯಿ ಅಗಲಿಸಿ, ಫೋಟೋಗೆ, ಕೈ ಮೇಲಿದೆ, ಅಮ್ಮ ನಗುತ್ತಿದ್ದಾಳೆ, ಕೈ ಮೇಲೇ ಇದೆ, ಅಮ್ಮ ನಗುತ್ತಿದ್ದಾಳೆ, ಅಮ್ಮ ನಗು